ದಿ ಪಾಲ್ ಡೆಸ್ಮಂಡ್ ಕ್ವಾರ್ಟೆಟ್ ಲೈವ್: ಟೊರೊಂಟೊದ ಒಂದು ವಾರ, ಎರಡು ಎಲ್‌ಪಿ

ಈ ರೆಕಾರ್ಡ್ ನನ್ನ ಕೈಗೆ ಬಂದು ಮೂರು ವರ್ಷ ಆಯಿತು. ವಾರಕ್ಕೆ ಒಂದು ಸಲವಾದರೂ ಹಾಕಿ ಕೇಳುತ್ತೇನೆ. ಬರೆಯಬೇಕು ಅಂತ ಕೂತಾಗಲೆಲ್ಲ ಹೊಸದೇನೋ ಒಂದು ಕಿವಿಗೆ ಬೀಳುತ್ತಿತ್ತು, ಹಾಗಾಗಿ ಮುಂದೂಡುತ್ತಾ ಬಂದೆ. ಈಗಲೂ ಬೀಳುತ್ತಿದೆ. ಆದರೂ ಬರೆದುಬಿಡುತ್ತೇನೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಅಂದ ಕೂಡಲೇ ಎಲ್ಲರೂ ‘ಟೇಕ್ ಫೈವ್’ ಅನ್ನುತ್ತಾರೆ, 1959ರ ‘ಟೈಮ್ ಔಟ್’ ಆಲ್ಬಮ್ ತೋರಿಸುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಈ ಮನುಷ್ಯನನ್ನು ಹತ್ತಿರದಿಂದ ಕೇಳಬೇಕು ಅಂದರೆ ಈ ಟೊರೊಂಟೊ ರೆಕಾರ್ಡಿನಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಮೊದಲು ವಿವರ. 1975ರ ಅಕ್ಟೋಬರ್ ತಿಂಗಳ ಕೊನೆ. ಕೆನಡಾದ ಟೊರೊಂಟೊ ನಗರದ ಕ್ವೀನ್ ಸ್ಟ್ರೀಟ್‌ನಲ್ಲಿ ಬರ್ಬನ್ ಸ್ಟ್ರೀಟ್ ಅನ್ನುವ ಜಾಝ್ ಕ್ಲಬ್ ಇತ್ತು. ನ್ಯೂ ಆರ್ಲಿಯನ್ಸ್‌ನ ಬೀದಿ ಅಂದುಕೊಳ್ಳಬೇಡಿ, ಇದು ಕ್ಲಬ್ಬಿನ ಹೆಸರು. ಕ್ವಾರ್ಟೆಟ್ ಅಂದರೆ ನಾಲ್ವರ ತಂಡ, ಅಲ್ಲಿ ನುಡಿಸಿದ್ದೂ ನಾಲ್ಕು ಜನ. ಆಲ್ಟೊ ಸ್ಯಾಕ್ಸೋಫೋನ್‌ನಲ್ಲಿ ಡೆಸ್ಮಂಡ್, ಗಿಟಾರ್‌ನಲ್ಲಿ ಎಡ್ ಬಿಕರ್ಟ್, ಬೇಸ್‌ನಲ್ಲಿ ಡಾನ್ ಥಾಂಪ್ಸನ್, ಡ್ರಮ್ಸ್‌ನಲ್ಲಿ ಜೆರ್ರಿ ಫುಲ್ಲರ್. ಡೆಸ್ಮಂಡ್ ಬಿಟ್ಟರೆ ಉಳಿದ ಮೂವರೂ ಕೆನಡಾದವರು. ರೆಕಾರ್ಡಿಂಗ್ ಕೂಡ ಡಾನ್ ಥಾಂಪ್ಸನ್ ಅವರದೇ. ಬೇಸ್ ನುಡಿಸುತ್ತಾ ಟೇಪನ್ನೂ ನೋಡಿಕೊಂಡವರು ಅವರು. ಮರುವರ್ಷ ಎ ಅಂಡ್ ಎಂ ಕಂಪನಿಯ ಹೊರೈಝನ್ ಲೇಬಲ್ ಇದನ್ನು ಜೋಡಿ ಎಲ್‌ಪಿಯಾಗಿ ತಂದಿತು. ಒಟ್ಟು ಎಂಟು ಟ್ರ್ಯಾಕ್.

ನಾನು ಕೊಂಡದ್ದು ಹಳೆಯ ಪ್ರತಿ. ಮಾರಿದವರು ‘ಒಂದು ಗೀರೂ ಇಲ್ಲ’ ಅಂತ ಬರೆದಿದ್ದರು. ಎರಡನೇ ಡಿಸ್ಕ್‌ನಲ್ಲಿ ಉದ್ದಕ್ಕೆ ಒಂದು ಗೀರಿತ್ತು. ‘ಹಿಯರ್ಸ್ ದಟ್ ರೈನಿ ಡೇ’ ಬರುವಾಗ, ಸ್ಯಾಕ್ಸೋಫೋನ್ ಸೋಲೊ ಮಧ್ಯೆ, ಸೂಜಿ ಪಕ್ಕದ ಗೆರೆಗೆ ಹಾರಿಬಿಡುತ್ತಿತ್ತು. ಎಲ್‌ಪಿ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವುದು 1.8 ಸೆಕೆಂಡು. ಅಷ್ಟು ಸಂಗೀತ ನನ್ನ ಪ್ರತಿಯಲ್ಲಿ ಇಲ್ಲ. ಪತ್ರ ಬರೆದೆ, ಉತ್ತರ ಬರಲಿಲ್ಲ. ಕೋಪ ಬಂತು. ಎರಡು ಸೆಕೆಂಡೂ ಇಲ್ಲದ ಆ ತುಣುಕಿನಲ್ಲಿ ಏನಿತ್ತು ಅನ್ನುವ ಕುತೂಹಲ ಅದಕ್ಕಿಂತ ಜಾಸ್ತಿ ಬಂತು.

ಸ್ಯಾಕ್ಸೋಫೋನ್ ಅಂದರೆ ಕನ್ನಡದ ಕಿವಿಗೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥ್. ನನಗೂ ಅಷ್ಟೇ. ಅವರ ವಾದ್ಯವೂ ಆಲ್ಟೊ, ಡೆಸ್ಮಂಡ್ ಅವರ ವಾದ್ಯವೂ ಆಲ್ಟೊ. ಆದರೆ ಮೊದಲ ಸಲ ಡೆಸ್ಮಂಡ್ ಕೇಳಿದಾಗ ಇದು ಅದೇ ವಾದ್ಯ ಅಂತ ನಂಬಲು ಆಗಲಿಲ್ಲ. ಹಿತ್ತಾಳೆಯ ಖಾರವೇ ಇಲ್ಲ. ಕೊಳಲಿಗೂ ಕ್ಲಾರಿನೆಟ್‌ಗೂ ನಡುವೆ ಎಲ್ಲೋ ನಿಂತ ಹಾಗಿದೆ. ಅಲುಗಾಟ ತೀರಾ ಕಡಿಮೆ. ಸ್ವರ ಹುಟ್ಟುವ ಜಾಗದಲ್ಲಿ ನಾಲಿಗೆಯ ಪೆಟ್ಟು ಕೇಳುವುದೇ ಇಲ್ಲ ಅನ್ನಬಹುದು, ಸ್ವರ ಸುಮ್ನೆ ಬಂದು ನಿಲ್ಲುತ್ತದೆ.

ನಾನು ಆಲ್ಟೊ ಕಲಿಯಲು ಶುರು ಮಾಡಿ ಆರು ವರ್ಷ. ಹಾಗಾಗಿ ಒಂದು ಮಾತು ಅನುಭವದಿಂದಲೇ ಹೇಳುತ್ತೇನೆ. ಈ ವಾದ್ಯವನ್ನು ಜೋರಾಗಿ ಊದುವುದು ಕಷ್ಟವಲ್ಲ. ಮೆಲ್ಲಗೆ ಊದಿದರೆ ರೀಡ್, ಅಂದರೆ ಬಾಯಲ್ಲಿ ಅದುರುವ ಆ ತೆಳು ಪಟ್ಟಿ, ಮಾತು ಕೇಳುವುದಿಲ್ಲ. ಒಂದೋ ಬರೀ ಗಾಳಿ ಬರುತ್ತದೆ, ಇಲ್ಲವೇ ಸ್ವರ ನಡುಗುತ್ತದೆ. ಭಯಕ್ಕೆ ತುಟಿ ಬಿಗಿ ಮಾಡಿದರೆ ಶ್ರುತಿ ಮೇಲೇರುತ್ತದೆ. ಹೊಟ್ಟೆಯಿಂದ ಬರುವ ಒತ್ತಡ ಜೋರಾಗಿ ಊದುವಾಗ ಎಷ್ಟಿರುತ್ತದೋ ಅಷ್ಟೇ ಇರಬೇಕು, ಹೊರಗೆ ಬರುವುದು ಮಾತ್ರ ಒಂದು ಎಳೆ. ಮೇಲಿನ ಸ್ವರಗಳಲ್ಲಿ ಇದು ಇನ್ನೂ ಕಷ್ಟ. ಡೆಸ್ಮಂಡ್ ಆಲ್ಟೊದ ತುದಿಯವರೆಗೆ ಹತ್ತಿ, ಅಲ್ಲೇ ನಿಂತು, ಇನ್ನೂ ಮೆಲ್ಲಗೆ ಮಾಡುತ್ತಾರೆ. ಅದನ್ನು ಕೇಳಿದ ಮೇಲೆ ‘ತಣ್ಣನೆಯ ಸಂಗೀತ’ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಒಳಗೆ ಎಷ್ಟು ಬಿಸಿ ಇರಬೇಕು ಅದನ್ನು ಹಾಗೆ ಹಿಡಿದಿಡಲು!

ತಮ್ಮ ವಾದ್ಯ ಡ್ರೈ ಮಾರ್ಟಿನಿ ಥರ ಕೇಳಿಸಬೇಕು ಅನ್ನುವ ಆಸೆ ತಮಗಿತ್ತು ಅಂತ ಡೆಸ್ಮಂಡ್ ಹೇಳಿಕೊಂಡಿದ್ದರು. ಅವರ ಬಗ್ಗೆ ಬರೆಯುವವರೆಲ್ಲ ಈ ಮಾತಿನಿಂದಲೇ ಶುರು ಮಾಡುತ್ತಾರೆ. ಅರ್ಧ ನಿಜ ಅಂತ ನನ್ನ ಅಭಿಪ್ರಾಯ. ಒಣಗಿದ ಹಾಗೆ, ತಿಳಿಯಾದ ಹಾಗೆ ಕೇಳಿಸುವುದು ಹೌದು. ಆದರೆ ಈ ರೆಕಾರ್ಡಿನ ‘ನ್ಯಾನ್ಸಿ’ ಕೇಳಿ. ಅದರಲ್ಲಿ ಇರುವುದು ಪ್ರೀತಿ. ಬೇರೆ ಮಾತೇ ಬೇಡ.

ಒಂದು ಸಂಜೆ ಮೊದಲ ಟ್ರ್ಯಾಕ್ ‘ವೆಂಡಿ’ ಹಾಕಿಕೊಂಡು ಕೂತಿದ್ದೆ. ಇದು ಡೆಸ್ಮಂಡ್ ಅವರ ಸ್ವಂತ ರಚನೆ. ಅಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಅಲ್ಲಿಂದಲೇ ಕೇಳಿದರು, “ಇದು ಒಬ್ರಾ, ಇಬ್ರಾ ನುಡಿಸ್ತಿರೋದು?” ನಾನು ಗಿಟಾರ್ ಬಗ್ಗೆ ಹೇಳಲು ಹೋದೆ. “ಅದಲ್ಲ ಕಣೋ, ಊದೋರು,” ಅಂದರು. “ಒಬ್ರು ಮೇಲಿಂದ ಏನೋ ಹೇಳ್ತಾರೆ, ಇನ್ನೊಬ್ರು ಕೆಳಗಿಂದ ಹೂಂ ಅಂತಾರೆ.”

ಅಮ್ಮನಿಗೆ ಜಾಝ್ ಗೊತ್ತಿಲ್ಲ. ಆದರೆ ಡೆಸ್ಮಂಡ್ ಅವರ ಅತಿ ದೊಡ್ಡ ಕಸುಬನ್ನು ಅವರು ಒಂದೇ ಸಲಕ್ಕೆ ಹಿಡಿದರು. ಡೆಸ್ಮಂಡ್ ಒಂದು ಪುಟ್ಟ ಸಾಲನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸುತ್ತಾರೆ. ನಿಲ್ಲಿಸುತ್ತಾರೆ. ಅದಕ್ಕೆ ಉತ್ತರವನ್ನು ಕೆಳಗಿನ ಸ್ಥಾಯಿಯಲ್ಲಿ ಕೊಡುತ್ತಾರೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಒಂದೇ ಉಸಿರಿನ ವಾದ್ಯದಲ್ಲಿ ಇಬ್ಬರ ಮಾತುಕತೆ. ನಡುವೆ ಬಿಡುವ ಜಾಗ ಇದೆಯಲ್ಲ, ಅದರಿಂದಲೇ ಇದು ಸಾಧ್ಯ. ಎಡೆಬಿಡದೆ ಸುರಿದರೆ ಯಾರು ಕೇಳಿದರು, ಯಾರು ಉತ್ತರ ಕೊಟ್ಟರು ಅಂತ ತಿಳಿಯುವುದು ಹೇಗೆ? ಆ ಜಾಗ ಬಿಡುವುದು ಅವರಿಗೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ನಾನು ಅವರ ಬದುಕಿನ ಕಡೆ ಹೋದೆ.

ಹುಟ್ಟಿದ್ದು 1924ರ ನವೆಂಬರ್ 25, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹೆಸರು ಪಾಲ್ ಎಮಿಲ್ ಬ್ರೈಟನ್‌ಫೆಲ್ಡ್. ಅಪ್ಪ ಮೂಕಿ ಚಿತ್ರಗಳು ಓಡುವಾಗ ಥಿಯೇಟರ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವರು. ತಾಯಿಯ ಮನಸ್ಸಿನ ಆರೋಗ್ಯ ಸರಿ ಇರಲಿಲ್ಲ. ಹುಡುಗನನ್ನು ಕೆಲವು ವರ್ಷ ದೇಶದ ಆ ತುದಿಗೆ, ನ್ಯೂಯಾರ್ಕ್ ಹತ್ತಿರದ ನ್ಯೂ ರೋಷೆಲ್‌ನಲ್ಲಿ ನೆಂಟರ ಮನೆಗೆ ಕಳಿಸಿದರು. ಮರಳಿ ಬಂದು ಹೈಸ್ಕೂಲಿನಲ್ಲಿ ಕ್ಲಾರಿನೆಟ್ ಹಿಡಿದರು. 1943ರಲ್ಲಿ ಆಲ್ಟೊಗೆ ಬದಲಾದರು, ಅದೇ ವರ್ಷ ಸೈನ್ಯದ ಬ್ಯಾಂಡ್ ಸೇರಿದರು. ‘ಡೆಸ್ಮಂಡ್’ ಅನ್ನುವುದನ್ನು ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿಕೊಂಡೆ ಅಂತ ಅವರೇ ಹೇಳುತ್ತಿದ್ದರು. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆಸೆ ಇದ್ದದ್ದು ಬರಹಗಾರ ಆಗಲು. ಈ ಕೊನೆಯ ಮಾತು ನನಗೆ ಮುಖ್ಯ ಅನ್ನಿಸುತ್ತದೆ. ಅವರ ಸೋಲೊಗಳಲ್ಲಿ ಸಾಲುಗಳಿವೆ, ಅಲ್ಪವಿರಾಮ ಇದೆ, ಪ್ಯಾರಾ ಬದಲಾಗುವುದು ಸಹ ಕೇಳಿಸುತ್ತದೆ.

ಸೈನ್ಯದಲ್ಲಿದ್ದಾಗ, 1944ರಲ್ಲಿ, ಪಿಯಾನೋ ವಾದಕ ಡೇವ್ ಬ್ರೂಬೆಕ್ ಪರಿಚಯವಾದರು. ಇವರಿಬ್ಬರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ಟೊರೊಂಟೊ ರೆಕಾರ್ಡ್ ಬೇರೆ ಥರ ಕೇಳಿಸುತ್ತದೆ.

ಯುದ್ಧ ಮುಗಿದ ಮೇಲೆ ಡೆಸ್ಮಂಡ್ ಪ್ಯಾಲೊ ಆಲ್ಟೊ ಕಡೆಯ ಬ್ಯಾಂಡ್ ಬಾಕ್ಸ್ ಅನ್ನುವ ಕಡೆ ಒಂದು ತಂಡ ನಡೆಸುತ್ತಿದ್ದರು. ಬ್ರೂಬೆಕ್ ಅದರಲ್ಲಿ ಪಿಯಾನೋ ನುಡಿಸುತ್ತಿದ್ದರು. ಬ್ರೂಬೆಕ್ ಸಂಬಳವನ್ನು ಡೆಸ್ಮಂಡ್ ಕಡಿಮೆ ಮಾಡಿದರು. ಆಮೇಲೆ ಫೆದರ್ ರಿವರ್ ಅನ್ನುವ ಕಡೆ ಬೇರೆ ಕೆಲಸ ಸಿಕ್ಕಿತು ಅಂತ ಹೊರಟರು. ‘ನೀನು ಹೋದರೆ ಈ ಕೆಲಸ ನಾನು ಮಾಡುತ್ತೇನೆ’ ಅಂತ ಬ್ರೂಬೆಕ್ ಕೇಳಿದರೆ ಅದಕ್ಕೂ ಬಿಡಲಿಲ್ಲ. ಬ್ರೂಬೆಕ್‌ಗೆ ಹೆಂಡತಿ, ಚಿಕ್ಕ ಮಕ್ಕಳು. ಕೈಯಲ್ಲಿ ಕೆಲಸ ಇಲ್ಲ. ಆ ಮನುಷ್ಯ ಮತ್ತೆ ನಮ್ಮ ಮನೆಗೆ ಕಾಲಿಡಬಾರದು ಅಂತ ಅವರು ಹೆಂಡತಿ ಅಯೋಲಾಗೆ ಹೇಳಿಬಿಟ್ಟರು.

ಸ್ವಲ್ಪ ಕಾಲದ ಮೇಲೆ ಬ್ರೂಬೆಕ್ ಅವರ ಸ್ವಂತ ತಂಡ ಹೆಸರು ಮಾಡಿತು. ಡೆಸ್ಮಂಡ್ ಆಗ ಬೇರೊಂದು ತಂಡದ ಜೊತೆ ಊರೂರು ಅಲೆಯುತ್ತಿದ್ದರು. ರೇಡಿಯೋದಲ್ಲಿ ಬ್ರೂಬೆಕ್ ಕೇಳಿಸಿದರು. ಸೀದಾ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಬ್ರೂಬೆಕ್ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆಗೆದದ್ದು ಅಯೋಲಾ. ಗಂಡ ಹೇಳಿದ ಮಾತು ಅವರಿಗೆ ನೆನಪಿತ್ತು. ಆದರೂ ಒಳಗೆ ಬಿಟ್ಟರು. ಬ್ರೂಬೆಕ್ ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದರು. ಡೆಸ್ಮಂಡ್ ಕಾರು ತೊಳೆಯುತ್ತೇನೆ, ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂತೆಲ್ಲ ಹೇಳಿ ಕೆಲಸ ಕೇಳಿದರು. 1951ರಲ್ಲಿ ಕ್ವಾರ್ಟೆಟ್ ಶುರುವಾಯಿತು. ಅವರ ಒಪ್ಪಂದದಲ್ಲಿ ಎರಡು ಮಾತಿದ್ದವು. ಲಾಭದಲ್ಲಿ ಡೆಸ್ಮಂಡ್‌ಗೆ ಶೇಕಡ 20. ಮತ್ತೆ, ಅವರನ್ನು ಯಾವತ್ತೂ ಕೆಲಸದಿಂದ ತೆಗೆಯುವ ಹಾಗಿಲ್ಲ.

ಅಷ್ಟು ಕೆಟ್ಟದಾಗಿ ನಡೆದುಕೊಂಡವರಿಗೆ ಅಂಥ ಒಪ್ಪಂದ! ನನಗೆ ಇದರಲ್ಲಿ ಬ್ರೂಬೆಕ್ ಅವರ ದೊಡ್ಡತನ ಕಾಣುತ್ತದೆ, ಕಿವಿಯೂ ಕಾಣುತ್ತದೆ. ಈ ಆಲ್ಟೊ ತಮಗೆ ಬೇಕು ಅಂತ ಅವರಿಗೆ ಗೊತ್ತಿತ್ತು. ಮುಂದೆ 1967ರ ಡಿಸೆಂಬರ್‌ವರೆಗೆ ಆ ತಂಡ ಓಡಿತು. ಕಾಲೇಜುಗಳಲ್ಲಿ ಕಛೇರಿ, 1954ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬ್ರೂಬೆಕ್, 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಪೋಲೆಂಡ್, ಟರ್ಕಿ, ಭಾರತ ಎಲ್ಲ ಸುತ್ತಿದ್ದು. ಇದೆಲ್ಲ ಬಹಳ ಕಡೆ ಬಂದಿದೆ, ನಾನು ಮತ್ತೆ ಹೇಳುವುದಿಲ್ಲ.

ಆದರೆ ಆ ರೆಕಾರ್ಡುಗಳನ್ನು ಕೇಳುವಾಗ ಒಂದು ವಿಷಯ ಗಮನಿಸಿ. ಬ್ರೂಬೆಕ್ ಎರಡೂ ಕೈಯಲ್ಲಿ ದಪ್ಪ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛಗಳನ್ನು, ಬಾರಿಸುವವರು. ಡೆಸ್ಮಂಡ್ ಎಳೆಯಾಗಿ ಹೋಗುವವರು. ಆ ಎಳೆತಕ್ಕೆ ಒಂದು ಚೆಂದ ಇದೆ, ಖಂಡಿತ ಇದೆ. 1953ರ ಓಬರ್ಲಿನ್ ಕಾಲೇಜಿನ ಕಛೇರಿಯಲ್ಲಿ ಇಬ್ಬರೂ ಹಾರಾಡಿದ್ದಾರೆ. ಆದರೂ ಡೆಸ್ಮಂಡ್ ನುಡಿಸುವಾಗ ಹಿಂದೆ ದೊಡ್ಡ ಗೋಡೆ ನಿಂತ ಹಾಗೆ ನನಗೆ ಅನ್ನಿಸುತ್ತದೆ. ಬಿಟ್ಟ ಜಾಗ ತಕ್ಷಣ ತುಂಬಿಹೋಗುತ್ತದೆ.

ಟೊರೊಂಟೊದಲ್ಲಿ ಪಿಯಾನೋ ಇಲ್ಲ. ಗೋಡೆ ಇದ್ದ ಕಡೆ ಕಿಟಕಿ ತೆಗೆದಿದ್ದಾರೆ.

ಅದಕ್ಕೆ ಕಾರಣ ಎಡ್ ಬಿಕರ್ಟ್. ಇವರ ಬಗ್ಗೆ ಎಷ್ಟು ಬರೆದರೂ ಸಾಲದು. ಕೈಯಲ್ಲಿ ಇದ್ದದ್ದು ಫೆಂಡರ್ ಟೆಲಿಕ್ಯಾಸ್ಟರ್. ಕಂಟ್ರಿ ಸಂಗೀತದವರು, ರಾಕ್‌ನವರು ಹಿಡಿಯುವ ಗಟ್ಟಿ ಮರದ ಗಿಟಾರ್ ಅದು. ಜಾಝ್‌ನವರು ಸಾಮಾನ್ಯವಾಗಿ ಒಳಗೆ ಟೊಳ್ಳಿರುವ ದೊಡ್ಡ ಗಿಟಾರ್ ಹಿಡಿಯುತ್ತಾರೆ. ಬಿಕರ್ಟ್ ಆ ಟೆಲಿಕ್ಯಾಸ್ಟರ್‌ನಿಂದಲೇ ಬೆಚ್ಚನೆಯ, ಮೆತ್ತನೆಯ ಕಾರ್ಡ್‌ಗಳನ್ನು ತೆಗೆಯುತ್ತಾರೆ. ಒಂದು ಕಾರ್ಡ್ ಇನ್ನೊಂದಕ್ಕೆ ಜಾರುವಾಗ ಒಳಗಿನ ಒಂದೇ ಸ್ವರ ಅಲುಗುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಅವರ ಜೊತೆ ನುಡಿಸುವಾಗ ತಿರುಗಿ ತಿರುಗಿ ಅವರ ಗಿಟಾರ್‌ನ ತಂತಿ ಎಣಿಸುವಂತಾಗುತ್ತದೆ ಅಂತ ಡೆಸ್ಮಂಡ್ ಬರೆದುಕೊಂಡಿದ್ದಾರೆ. ಆರು ತಂತಿಯಿಂದ ಇಷ್ಟೆಲ್ಲ ಬರುತ್ತಾ ಅನ್ನುವ ಬೆರಗು ಅದು. ಬಿಕರ್ಟ್ ಹೆಸರನ್ನು ಡೆಸ್ಮಂಡ್‌ಗೆ ಸೂಚಿಸಿದ್ದು ಜಿಮ್ ಹಾಲ್. 1959ರಿಂದ ಡೆಸ್ಮಂಡ್ ಅವರ ಎಷ್ಟೋ ಒಳ್ಳೆಯ ರೆಕಾರ್ಡುಗಳಲ್ಲಿ ಗಿಟಾರ್ ನುಡಿಸಿದವರು ಅವರೇ. ಒಬ್ಬ ಗಿಟಾರಿಸ್ಟ್ ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಿಕೊಡುವುದು ಸಣ್ಣ ವಿಷಯವಲ್ಲ.

ಎರಡನೇ ಟ್ರ್ಯಾಕ್ ‘ವೇವ್’, ಬ್ರೆಝಿಲ್‌ನ ಜೊಬಿಂ ಅವರದು. ಇಲ್ಲಿ ಬಿಕರ್ಟ್ ಸೋಲೊ ಬರುವಾಗ ವಾಲ್ಯೂಮ್ ಸ್ವಲ್ಪ ಏರಿಸಿ. ಅವರು ನುಡಿಸುವಾಗ ಡೆಸ್ಮಂಡ್ ಬಾಯಿ ಹಾಕುವುದಿಲ್ಲ. ಪೂರ್ತಿ ಬಿಟ್ಟುಕೊಡುತ್ತಾರೆ. ತಂಡದ ಹೆಸರು ತಮ್ಮದು, ಆದರೂ ಎಲ್ಲರಿಗೂ ಸಮಯ ಸಿಗುತ್ತದೆ. ಹದಿನಾರು ವರ್ಷ ಇನ್ನೊಬ್ಬರ ತಂಡದಲ್ಲಿ ಇದ್ದವರು ಕಲಿತ ಮರ್ಯಾದೆ ಇದು ಅಂತ ನಾನು ಅಂದುಕೊಂಡಿದ್ದೇನೆ.

‘ಥಿಂಗ್ಸ್ ಏನ್ಟ್ ವಾಟ್ ದೇ ಯೂಸ್ಡ್ ಟು ಬಿ’ ಒಂದು ಬ್ಲೂಸ್. ಡೆಸ್ಮಂಡ್ ಬಹಳ ನಾಜೂಕು, ಬ್ಲೂಸ್ ಅವರಿಗೆ ಒಗ್ಗುವುದಿಲ್ಲ ಅನ್ನುವ ಮಾತಿದೆ. ಇದನ್ನು ಕೇಳಿಸಬೇಕು ಅಂಥವರಿಗೆ. ಅವರು ಕೂಗುವುದಿಲ್ಲ ನಿಜ. ಒಂದು ಸಣ್ಣ ಸಾಲು ಹಿಡಿದು, ಅದನ್ನೇ ಮೇಲಕ್ಕೆ ಒಂದು ಮೆಟ್ಟಿಲು, ಮತ್ತೊಂದು ಮೆಟ್ಟಿಲು ಏರಿಸುತ್ತಾ ಹೋಗುತ್ತಾರೆ. ನಾಲ್ಕನೇ ಸಲಕ್ಕೆ ನಮ್ಮ ಕಾಲು ತಾನಾಗಿ ತಾಳ ಹಾಕುತ್ತಿರುತ್ತದೆ.

ಡೆಸ್ಮಂಡ್ ಬೆಳೆದ ಕಾಲದಲ್ಲಿ ಆಲ್ಟೊ ಅಂದರೆ ಚಾರ್ಲಿ ಪಾರ್ಕರ್. ಪಾರ್ಕರ್ ಅವರ ಬೀಬಾಪ್ ಅನ್ನುವ ವೇಗದ ಜಾಝ್ ಬಿರುಗಾಳಿಯ ಹಾಗಿತ್ತು. ಕೈಗೆ ಆಲ್ಟೊ ಸಿಕ್ಕ ಹುಡುಗರೆಲ್ಲ ಅವರ ಹಾಗೇ ನುಡಿಸಲು ಹೊರಟರು. ಆ ಗಾಳಿಯಲ್ಲಿ ತಮ್ಮದೇ ದನಿ ಉಳಿಸಿಕೊಂಡ ಆಲ್ಟೊ ವಾದಕರು ಕೆಲವೇ ಜನ. ಅವರಲ್ಲಿ ಲೀ ಕೊನಿಟ್ಸ್ ಒಬ್ಬರು, ಡೆಸ್ಮಂಡ್ ಇನ್ನೊಬ್ಬರು. ಕೂಲ್ ಜಾಝ್ ಅಂತ ಹೆಸರು ಬಿದ್ದದ್ದು ಈ ದಾರಿಗೇ. ಹಾಗಂತ ಡೆಸ್ಮಂಡ್‌ಗೆ ಪಾರ್ಕರ್ ಮೇಲೆ ಭಕ್ತಿ ಕಡಿಮೆ ಇರಲಿಲ್ಲ. 1954ರ ಜನವರಿಯಲ್ಲಿ ಬಾಸ್ಟನ್ ರೇಡಿಯೋದಲ್ಲಿ ಅವರು ಪಾರ್ಕರ್ ಅವರನ್ನು ಮಾತಾಡಿಸಿದ ಧ್ವನಿಮುದ್ರಣ ಉಳಿದಿದೆ. ಈ ವೇಗ ನಿಮಗೆ ಹುಟ್ಟಿನಿಂದ ಬಂದದ್ದಾ ಅನ್ನುವ ಅರ್ಥದಲ್ಲಿ ಡೆಸ್ಮಂಡ್ ಕೇಳುತ್ತಾರೆ. ಮೂರು ನಾಲ್ಕು ವರ್ಷ, ದಿನಕ್ಕೆ ಕನಿಷ್ಠ 11ರಿಂದ 15 ಗಂಟೆ ಸಾಧನೆ ಮಾಡಿದೆ ಅಂತ ಪಾರ್ಕರ್ ಹೇಳುತ್ತಾರೆ. ಆ ಸಂದರ್ಶನದಲ್ಲಿ ಡೆಸ್ಮಂಡ್ ಅವರ ದನಿ ಕೇಳಬೇಕು. ಮಾತೂ ಆಲ್ಟೊ ಥರಾನೇ, ಮೆಲ್ಲಗೆ.

ಈಗ ‘ಟೇಕ್ ಫೈವ್’. ಅದು ಇಲ್ಲಿ ಎಲ್ಲದರ ಕೊನೆಗೆ ಬರುತ್ತದೆ. ರಚನೆ ಡೆಸ್ಮಂಡ್ ಅವರದೇ, ಬ್ರೂಬೆಕ್ ಅವರದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. 1959ರ ಜುಲೈ 1ರಂದು ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೊದಲು ರೆಕಾರ್ಡ್ ಆಯಿತು. ಡ್ರಮ್ಮರ್ ಜೋ ಮೊರೆಲ್ಲೊಗೆ ಸೋಲೊ ಬಾರಿಸಲು ಒಂದು ನೆಪ ಬೇಕಿತ್ತು, ಅದಕ್ಕಾಗಿ ಬರೆದದ್ದು. ಐದು ಎಣಿಕೆಯ ಲಯ. ನಮ್ಮ ಖಂಡ ನಡೆಯಲ್ಲಿ ‘ತಕ ತಕಿಟ’ ಅಂತ ಹೇಳುವುದು ರೂಢಿ. ಇಲ್ಲಿ ಅದು ತಿರುಗಿದೆ, ‘ತಕಿಟ ತಕ’. ಮೊದಲು ಮೂರು, ಆಮೇಲೆ ಎರಡು. ಒಮ್ಮೆ ಬಾಯಲ್ಲಿ ಹೇಳಿಕೊಂಡು ಕೇಳಿ, ಎಣಿಕೆಯ ಭಯ ಹೋಗಿಬಿಡುತ್ತದೆ. 1961ರಲ್ಲಿ ಇದು ಅಮೆರಿಕದ ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಏರಿತು. ಮಾತಿಲ್ಲದ, ಐದು ಎಣಿಕೆಯ ಜಾಝ್‌ಗೆ ಅದು ದೊಡ್ಡ ಮಾತು. ಇದರ ಹಕ್ಕನ್ನೆಲ್ಲ ಒಂದು ಹಳೆಯ ರಾನ್ಸನ್ ಎಲೆಕ್ಟ್ರಿಕ್ ಶೇವರ್‌ಗೆ ಕೊಟ್ಟುಬಿಡಲು ಒಮ್ಮೆ ನಾನು ಸಿದ್ಧನಿದ್ದೆ ಅಂತ ಡೆಸ್ಮಂಡ್ ಆಮೇಲೆ ಹೇಳಿ ನಗುತ್ತಿದ್ದರು.

ಟೊರೊಂಟೊದ ‘ಟೇಕ್ ಫೈವ್’ ಬೇರೆ. ಪಿಯಾನೋದ ಆ ಪ್ರಸಿದ್ಧ ತಾಳ ಇಲ್ಲಿ ಗಿಟಾರ್‌ಗೆ ಬಂದಿದೆ, ಹಗುರಾಗಿದೆ. ಹದಿನಾರು ವರ್ಷ ಊರೂರಿನಲ್ಲಿ ಕೇಳಿ ಕೇಳಿ ನುಡಿಸಿದ ಹಾಡು. ಬೇಸರ ಬಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಡೆಸ್ಮಂಡ್ ಅದರೊಳಗೆ ಹೊಸ ಮನೆಗೆ ಹೋದವರ ಹಾಗೆ ಓಡಾಡುತ್ತಾರೆ. ಈ ಕೋಣೆ ನೋಡೋಣ, ಈ ಬಾಗಿಲು ಎಲ್ಲಿಗೆ ಹೋಗುತ್ತೆ ನೋಡೋಣ ಅನ್ನುವ ಥರ.

1967ರ ನಂತರ ಅವರು ಹೆಚ್ಚು ನುಡಿಸಲಿಲ್ಲ. ನ್ಯೂಯಾರ್ಕ್‌ನಲ್ಲಿ ಒಂಟಿಯಾಗಿ ಇದ್ದರು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಮದುವೆಯಾಗಿ ಎರಡು ವರ್ಷಕ್ಕೆ ಬಿಡುಗಡೆ ಆಗಿತ್ತು, ಮತ್ತೆ ಆಗಲಿಲ್ಲ. ಒಂದು ಪುಸ್ತಕ ಬರೆಯುತ್ತೇನೆ ಅನ್ನುತ್ತಿದ್ದರು. ‘ನಿಮ್ಮ ಕ್ವಾರ್ಟೆಟ್‌ನಲ್ಲಿ ಎಷ್ಟು ಜನ ಇದ್ದೀರಿ?’ ಅಂತ ವಿಮಾನದ ಪರಿಚಾರಕಿಯರು ಕೇಳುತ್ತಿದ್ದ ಪ್ರಶ್ನೆಯೇ ಅದರ ಹೆಸರು. ಹೊರಬಂದದ್ದು ಒಂದೇ ಅಧ್ಯಾಯ, 1973ರಲ್ಲಿ ಇಂಗ್ಲೆಂಡಿನ ಪಂಚ್ ಪತ್ರಿಕೆಯಲ್ಲಿ. ಹಾಫ್ ನೋಟ್ ಅನ್ನುವ ಕ್ಲಬ್ಬು ಅವರ ಮನೆ ಹತ್ತಿರಕ್ಕೆ ಬಂತು. ನಡೆದುಕೊಂಡೇ ಹೋಗಬಹುದಲ್ಲ ಅಂತ ಅಲ್ಲಿ ಜಿಮ್ ಹಾಲ್ ಜೊತೆ ನುಡಿಸಲು ಒಪ್ಪಿಕೊಂಡರು. 1974ರಲ್ಲಿ ಬಿಕರ್ಟ್ ಸಿಕ್ಕಿದರು, ಟೊರೊಂಟೊ ಸಿಕ್ಕಿತು. ಬರೆಯದೆ ಉಳಿದ ಆ ಪುಸ್ತಕದ ಬಗ್ಗೆ ನನಗೆ ಬಹಳ ದಿನ ದುಃಖ ಇತ್ತು. ಈ ಎರಡು ಎಲ್‌ಪಿ ಕೇಳುತ್ತಾ ಅದು ಸ್ವಲ್ಪ ಕಡಿಮೆಯಾಗಿದೆ.

ಈ ರೆಕಾರ್ಡ್ ಆದಾಗ ಅವರಿಗೆ ಐವತ್ತೊಂದು ತುಂಬಲು ಇನ್ನೂ ಸುಮಾರು ಒಂದು ತಿಂಗಳಿತ್ತು. ಮುಂದಿನ ವರ್ಷ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಯಿತು. ಸಿಗರೇಟು, ವಿಸ್ಕಿ ಎರಡೂ ಜಾಸ್ತಿ ಇತ್ತು ಅವರಿಗೆ. ಪರೀಕ್ಷೆ ಮಾಡಿಸಿದಾಗ ಲಿವರ್ ಮಾತ್ರ ಚೆನ್ನಾಗಿದೆ ಅಂತ ತಿಳಿದು ಅದನ್ನೇ ಸಂತೋಷದಿಂದ ಎಲ್ಲರಿಗೂ ಹೇಳಿದರಂತೆ. 1977ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರೂಬೆಕ್ ಜೊತೆ ಕೊನೆಯ ಸಲ ವೇದಿಕೆ ಏರಿದರು. ಮೇ 30ರಂದು ತೀರಿಕೊಂಡರು. ವಯಸ್ಸು 52. ‘ಟೇಕ್ ಫೈವ್’ ಸೇರಿ ತಮ್ಮ ರಚನೆಗಳಿಂದ ಬರುವ ಹಣವನ್ನೆಲ್ಲ ಅಮೆರಿಕನ್ ರೆಡ್ ಕ್ರಾಸ್‌ಗೆ ಬರೆದಿಟ್ಟಿದ್ದರು. ಅದು ವರ್ಷಕ್ಕೆ ಸುಮಾರು 1 ಲಕ್ಷ ಡಾಲರ್‌ನಷ್ಟು ಬರುತ್ತಾ ಹೋಯಿತು. ಮನೆಯಲ್ಲಿದ್ದ ಬಾಲ್ಡ್ವಿನ್ ಪಿಯಾನೋ ಗ್ರೀನಿಚ್ ವಿಲೇಜ್‌ನ ಬ್ರಾಡ್ಲೀಸ್ ಅನ್ನುವ ಪುಟ್ಟ ಜಾಝ್ ಬಾರ್‌ಗೆ ಹೋಯಿತು. ಎಷ್ಟೋ ಪಿಯಾನೋ ವಾದಕರು ಆಮೇಲೆ ಅದರ ಮೇಲೆ ನುಡಿಸಿದರು.

ಈ ರೆಕಾರ್ಡಿನಲ್ಲಿ ನನಗೆ ಹಿಡಿಸದ್ದೂ ಇದೆ. ಬೇಸ್ ಸೋಲೊಗಳು ಕೆಲವು ಕಡೆ ಉದ್ದವಾದವು ಅನ್ನಿಸುತ್ತದೆ. ಥಾಂಪ್ಸನ್ ಒಳ್ಳೆಯ ವಾದಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ರ್ಯಾಕ್‌ಗಳೇ ಉದ್ದ ಇರುವಾಗ ಕಿವಿ ಆಲ್ಟೊಗಾಗಿ ಕಾಯುತ್ತದೆ. ಇನ್ನೊಂದು, ಇದರಲ್ಲಿ ನಿಧಾನದ ಹಾಡುಗಳೇ ಹೆಚ್ಚು. ನಾಲ್ಕು ಮುಖವನ್ನೂ ಒಂದೇ ಕೂತಲ್ಲಿ ಕೇಳಬೇಡಿ. ಒಂದು ದಿನಕ್ಕೆ ಒಂದು ಮುಖ ಸಾಕು. ಕ್ಲಬ್ಬಿನ ಸದ್ದು, ಲೋಟದ ಸದ್ದು, ಚಪ್ಪಾಳೆ ಇದೆ. ಅದು ನನಗೆ ಇಷ್ಟ. ಸ್ಟುಡಿಯೋದ ನಿಶ್ಶಬ್ದ ಬೇಕು ಅನ್ನುವವರು 1974ರ ‘ಪ್ಯೂರ್ ಡೆಸ್ಮಂಡ್’ ಕೇಳಬಹುದು. ಅಲ್ಲೂ ಬಿಕರ್ಟ್ ಇದ್ದಾರೆ, ಬೇಸ್‌ನಲ್ಲಿ ರಾನ್ ಕಾರ್ಟರ್. ಚೆನ್ನಾಗಿದೆ, ಆದರೆ ಹಾಡುಗಳು ಬೇಗ ಮುಗಿದುಹೋಗುತ್ತವೆ. ಡೆಸ್ಮಂಡ್ ಮಾತು ಶುರು ಮಾಡಿ ಬಿಸಿಯಾಗುವ ಹೊತ್ತಿಗೆ ಎದ್ದು ಹೊರಟ ಹಾಗೆ.

ಯಾವುದನ್ನು ಕೊಳ್ಳಬೇಕು ಅಂತ ಕೇಳಿದರೆ, ಮೊದಲು ಈ ಆಲ್ಬಮ್. ಎಲ್‌ಪಿ ಕೊಳ್ಳುವವರು ಮಾರುವವರ ಮಾತನ್ನಷ್ಟೇ ನಂಬದೆ ಎರಡೂ ಡಿಸ್ಕ್‌ನ ಫೋಟೋ ಕೇಳಿ ತರಿಸಿಕೊಳ್ಳಿ, ದೀಪದ ಬೆಳಕು ಓರೆಯಾಗಿ ಬಿದ್ದ ಫೋಟೋ. ಸಿಡಿ ಆದರೂ ತೊಂದರೆ ಇಲ್ಲ, ಥಾಂಪ್ಸನ್ ಅವರ ರೆಕಾರ್ಡಿಂಗ್ ಅದರಲ್ಲೂ ಚೆನ್ನಾಗಿ ಕೇಳುತ್ತದೆ. ಇಷ್ಟವಾದರೆ ಆಮೇಲೆ ಮೊಸಾಯಿಕ್ ಕಂಪನಿ 2020ರಲ್ಲಿ ತಂದ ಪೆಟ್ಟಿಗೆ ಇದೆ, 1975ರ ಟೊರೊಂಟೊ ಕಛೇರಿಗಳು, ಏಳು ಸಿಡಿ. ಅದನ್ನು ಮೊದಲೇ ತೆಗೆದುಕೊಳ್ಳುವುದು ಬೇಡ. ಒಂದೇ ತಂಡ, ಒಂದೇ ವರ್ಷ. ಕಿವಿ ಪಳಗಿದ ಮೇಲೆ ಸಣ್ಣ ಸಣ್ಣ ವ್ಯತ್ಯಾಸ ಹುಡುಕುವ ಖುಷಿ ಅದರಲ್ಲಿ ಸಿಗುತ್ತದೆ, ಮೊದಲೇ ಸಿಗುವುದಿಲ್ಲ.

ನಾನೂ ಕೊನೆಗೆ ಸಿಡಿ ತಂದುಕೊಂಡೆ. ‘ರೈನಿ ಡೇ’ಯಲ್ಲಿ ನನ್ನ ಎಲ್‌ಪಿ ನುಂಗಿದ ಆ 1.8 ಸೆಕೆಂಡನ್ನು ಮೊದಲ ಸಲ ಕೇಳಿದೆ. ಅಲ್ಲಿ ಇದ್ದದ್ದು ಇಷ್ಟೇ: ಒಂದು ಸಾಲಿನ ಬಾಲ, ಆಮೇಲೆ ಉಸಿರು ತೆಗೆದುಕೊಳ್ಳುವಷ್ಟು ಖಾಲಿ ಜಾಗ. ಆ ಖಾಲಿ ಜಾಗ ಇಲ್ಲದ್ದರಿಂದಲೇ ಮೂರು ವರ್ಷ ಮುಂದಿನ ಸಾಲು ನನಗೆ ಅವಸರದಲ್ಲಿ ಬಂದ ಹಾಗೆ ಕೇಳುತ್ತಿತ್ತು.

ಈಗ ಎಲ್‌ಪಿ ಹಾಕಿದಾಗ ಆಲ್ಟೊ ಕೈಯಲ್ಲಿ ಹಿಡಿದು ಕೂರುತ್ತೇನೆ. ಸೂಜಿ ಹಾರುವ ಕಡೆ ರೆಕಾರ್ಡ್ ನಿಲ್ಲಿಸಿ, ಆ ಬಾಲವನ್ನು ನಾನೇ ನುಡಿಸಿ, ಉಸಿರಿನಷ್ಟು ಹೊತ್ತು ಬಿಟ್ಟು, ಮತ್ತೆ ಸೂಜಿ ಇಡುತ್ತೇನೆ. ಮೊನ್ನೆ ಹಾಗೆ ನುಡಿಸಿದಾಗ ಅಮ್ಮ ಬಾಗಿಲ ಹತ್ತಿರ ಬಂದು ನಿಂತಿದ್ದರು. ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ, “ಇನ್ನೂ ಸ್ವಲ್ಪ ಮೆಲ್ಲಗೆ,” ಅಂದರು. ರೀಡ್ ಒದ್ದೆ ಮಾಡಿಕೊಂಡು ಇನ್ನೊಂದು ಸಲ ಶುರು ಮಾಡಿದೆ.